ಸಾಫ್ಟ್‌ವೇರ್ ಒಪ್ಪಂದಗಳಲ್ಲಿ ಕಟ್ಟಿಹಾಕುವ ಷರತ್ತುಗಳು: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ

ಲೆಕ್ಕಪತ್ರ, ದಾಸ್ತಾನು, ಠೇವಣಿ, ಸಾಲ ಮುಂತಾದ ವ್ಯವಹಾರಕ್ಕೆಂದು ಕೊಂಡ ಸಾಫ್ಟ್‌ವೇರನ್ನು ಬಿಟ್ಟು ಬೇರೆಯದಕ್ಕೆ ಹೋಗಲು ವ್ಯಾಪಾರಿಯೋ ಸಂಸ್ಥೆಯೋ ಹೊರಟಾಗ, ಆ ದಾರಿಗೆ ಅಡ್ಡ ನಿಲ್ಲುವ ಕರಾರುಗಳನ್ನು ಕಟ್ಟಿಹಾಕುವ ಷರತ್ತುಗಳು ಎನ್ನಬಹುದು. ಕಟ್ಟೆಲ್ಲವೂ ಅನ್ಯಾಯವಲ್ಲ. ಹತ್ತು ವರ್ಷ ಒಂದೇ ಪರದೆ ನೋಡಿ ಬೆರಳು ಪಳಗಿದ ಗುಮಾಸ್ತರಿಗೆ ಹೊಸದು ಬೇಡವೆನಿಸುವುದು ಸಹಜ. ಅದರಲ್ಲಿ ಮಾರಿದವರ ತಪ್ಪಿಲ್ಲ. ಬಿಟ್ಟುಹೋಗುವವರಿಂದ ಕೇಳುವ ಹಣಕ್ಕೂ ಮಾರಿದವರಿಗೆ ಆಗುವ ಖರ್ಚಿಗೂ ಸಂಬಂಧವೇ ಇಲ್ಲದಿದ್ದಾಗ, ಅಥವಾ ಕೊಂಡವರದೇ ಲೆಕ್ಕವನ್ನು ಒತ್ತೆ ಇಟ್ಟುಕೊಂಡಾಗ ಅನ್ಯಾಯದ ಮಾತು ಬರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ಹಳೆಯ ತಾಲ್ಲೂಕುಗಳು. ಈಚೆಗೆ ಇವುಗಳ ಒಡಲಿನಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ತಾಲ್ಲೂಕುಗಳು ಮೂಡಿದವು. ಇಂಡಿಯ ಹೆಸರು ಲಿಂಬೆಯೊಂದಿಗೆ ಬೆಸೆದಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಅಲ್ಲಿಯೇ. ಅದೇ ತಾಲ್ಲೂಕಿನ ಮರಗೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಸಿಂದಗಿಯ ಕಡೆ ಹತ್ತಿ, ತೊಗರಿ. ಬಸವಣ್ಣನವರ ಹುಟ್ಟೂರಾದ ಬಾಗೇವಾಡಿಯ ಕಡೆಗೂ ಮುದ್ದೇಬಿಹಾಳದ ಕಡೆಗೂ ಕೃಷ್ಣೆಯ ನೀರು ಬಂದ ಮೇಲೆ ಬೆಳೆ ಬದಲಾಯಿತು, ಪೇಟೆಯೂ ಬದಲಾಯಿತು. ಈ ಊರುಗಳಲ್ಲಿ ಸಾಫ್ಟ್‌ವೇರ್ ಕೊಳ್ಳುವವರು ಅಡತಿ ಅಂಗಡಿಯವರು, ಹತ್ತಿಯ ಜಿನ್ನಿಂಗ್ ಮಿಲ್ಲು ಮತ್ತು ದಾಲ್ ಮಿಲ್ಲಿನವರು, ಬೀಜ-ಗೊಬ್ಬರದ ವ್ಯಾಪಾರಿಗಳು, ಔಷಧ ಅಂಗಡಿ, ನರ್ಸಿಂಗ್ ಹೋಮ್, ಖಾಸಗಿ ಶಾಲೆಗಳು, ಎಲ್ಲಕ್ಕಿಂತ ಮುಖ್ಯವಾಗಿ ಪತ್ತಿನ ಸಹಕಾರಿ ಸಂಘಗಳು. ಸಹಕಾರಿ ಚಳವಳಿ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ ಮೊಳೆತು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೂ ಹಬ್ಬಿತು. ಹೀಗಾಗಿ ಇಲ್ಲಿ ಸಾಫ್ಟ್‌ವೇರ್ ಒಪ್ಪಂದವೆಂದರೆ ದೊಡ್ಡ ಕಂಪನಿಯ ವಕೀಲರು ತಿದ್ದಿದ ದಸ್ತಾವೇಜಲ್ಲ. ಸಂಘದ ಕಾರ್ಯದರ್ಶಿಯೋ ಅಂಗಡಿಯ ಯಜಮಾನನೋ ರುಜು ಹಾಕಿದ ಒಂದೆರಡು ಹಾಳೆ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಕಂಪ್ಯೂಟರಿಲ್ಲದೆ ಪೇಟೆಯ ವ್ಯವಹಾರ ಸಾಗದಂತಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳು ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಬೇಕಾದಾಗ ಕೊಳ್ಳುತ್ತಿದ್ದ ವಸ್ತು ಇಲ್ಲದಿದ್ದರೆ ನಡೆಯದ ವಸ್ತುವಾದಾಗ ಮಾರುವವನ ಕೈ ಮೇಲಾಗುತ್ತದೆ. ಸಮಸ್ಯೆಯ ಬೇರು ಇಲ್ಲಿದೆ.

ಕಾಗದದ ಸ್ವರೂಪ

ತಾಲ್ಲೂಕು ಮಟ್ಟದಲ್ಲಿ ಒಪ್ಪಂದ ಸಾಮಾನ್ಯವಾಗಿ ಮೂರು ಚೂರಾಗಿ ಹರಡಿಕೊಂಡಿರುತ್ತದೆ. ಮೊದಲನೆಯದು ಕೊಟೇಶನ್. ಎರಡನೆಯದು ಬಿಲ್ಲು, ಅದರ ಬೆನ್ನಿಗೆ ಸಣ್ಣ ಅಕ್ಷರದ ಷರತ್ತುಗಳು. ಮೂರನೆಯದು ಪ್ರೋಗ್ರಾಂ ಹಾಕುವಾಗ ಪರದೆಯ ಮೇಲೆ ಬರುವ, ಒಪ್ಪಿದ್ದೇನೆ ಎಂಬ ಗುಂಡಿ. ಆ ಗುಂಡಿಯನ್ನು ಒತ್ತುವುದು ಬಹುಪಾಲು ಯಜಮಾನನಲ್ಲ, ಪ್ರೋಗ್ರಾಂ ಹಾಕಲು ಬಂದ ಹುಡುಗ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ. ಹೀಗಾಗಿ ಗುಂಡಿ ಒತ್ತಿದ್ದನ್ನು ಲೆಕ್ಕಕ್ಕಿಲ್ಲವೆಂದು ತಳ್ಳಿಹಾಕುವುದು ಸುಲಭವಲ್ಲ. ಇದರ ಮೇಲೆ, ಕಾಗದದಲ್ಲಿ ಎಲ್ಲಿಯೂ ಇಲ್ಲದ, ಬಾಯಿಮಾತಿನ ಭರವಸೆಗಳು: ಡೇಟಾ ಏನು ಚಿಂತೆ ಮಾಡಬೇಡಿರಿ, ಕೇಳಿದಾಗ ಕೊಡ್ತೀವಿ ಎಂಬಂಥವು. ನ್ಯಾಯಾಲಯಕ್ಕೆ ಹೋದರೆ ಬರಹದ ಮುಂದೆ ಬಾಯಿಮಾತು ನಿಲ್ಲುವುದು ಕಷ್ಟ.

ಕೆಟ್ಟ ಷರತ್ತಿಗಿಂತ ಷರತ್ತೇ ಇಲ್ಲದಿರುವುದು ಇಲ್ಲಿ ಹೆಚ್ಚಿನ ತೊಂದರೆ ಕೊಡುತ್ತದೆ ಎಂದರೆ ತಪ್ಪಾಗಲಾರದು. ಬಿಡುವಾಗ ಏನು ಎಂಬ ಪ್ರಶ್ನೆಗೆ ಕಾಗದ ಮೌನವಾಗಿದ್ದರೆ, ಆ ಮೌನದ ಲಾಭ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರಿಗೆ.

ಗಂಟು ಬೀಳುವ ಜಾಗಗಳು

ಮೊದಲ ಗಂಟು ದತ್ತಾಂಶದ್ದು. ಅಡತಿ ಅಂಗಡಿಯಲ್ಲಿ ಕಿರ್ದಿ, ಖತಾವಣಿ ಕೈಬರಹದಲ್ಲಿದ್ದ ಕಾಲದಲ್ಲಿ ದಿವಾನಜಿ ಕೆಲಸ ಬಿಟ್ಟುಹೋದರೂ ಕೆಂಪು ಬಟ್ಟೆಯ ಚೋಪಡಿ ಅಂಗಡಿಯ ಗಾದಿಯ ಪಕ್ಕದಲ್ಲೇ ಉಳಿಯುತ್ತಿತ್ತು. ಈಗ ಲೆಕ್ಕ ಕೂತಿರುವುದು ಪಾಸ್‌ವರ್ಡ್ ಹಾಕಿದ ಡೇಟಾಬೇಸಿನಲ್ಲಿ. ಕಂಪ್ಯೂಟರು ಅಂಗಡಿಯದು, ಕಡತವೂ ಅದರೊಳಗೇ ಇದೆ, ಆದರೆ ತೆರೆಯುವ ಕೀಲಿ ಮಾರಿದವರಲ್ಲಿ. ಕ್ಲೌಡ್ ಆಗಿದ್ದರೆ ಕಡತವೂ ಕೈಯಲ್ಲಿಲ್ಲ. ರಿಪೋರ್ಟನ್ನು ಪಿಡಿಎಫ್ ಮಾಡಿ ಕೊಡುತ್ತೇವೆ ಎಂಬ ಮಾತು ಇಲ್ಲಿ ಸಾಲದು. ಪಿಡಿಎಫ್ ಓದಲಷ್ಟೇ ಬರುತ್ತದೆ, ಬೇರೆ ಪ್ರೋಗ್ರಾಮಿಗೆ ತುಂಬಲು ಬರುವುದಿಲ್ಲ. ಸಾವಿರಾರು ಖಾತೆಗಳ ಬಾಕಿಯನ್ನು ಮತ್ತೆ ಕೈಯಿಂದ ಬೆರಳಚ್ಚು ಮಾಡುವ ಹೆದರಿಕೆಗೇ ಎಷ್ಟೋ ಸಂಘಗಳು ಹಳೆಯದನ್ನೇ ಮುಂದುವರಿಸುತ್ತವೆ.

ಕನ್ನಡದ ದತ್ತಾಂಶಕ್ಕೆ ಇನ್ನೊಂದು ತೊಡಕು ಹೆಚ್ಚಿಗೆ ಇದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸದಸ್ಯರ ಹೆಸರು, ಊರು, ಸರ್ವೆ ನಂಬರಿನ ಮುಂದಿನ ಟಿಪ್ಪಣಿ ಎಲ್ಲ ದಾಖಲಾದವು. ಆ ಫಾಂಟುಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಹೊರತೆಗೆದ ಕಡತವನ್ನು ಎಕ್ಸೆಲಿನಲ್ಲಿ ತೆರೆದರೆ ಮಲ್ಲಪ್ಪನೂ ಇಲ್ಲ, ಶಾಂತವ್ವನೂ ಇಲ್ಲ. ಸೊನ್ನೆ, ಕೊಂಬು, ಚುಕ್ಕಿ ಹೊತ್ತ ಪರಭಾಷೆಯ ಅಕ್ಷರಗಳ ಸಾಲು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ಉಳಿಯಬಹುದು. ಠೇವಣಿದಾರರ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕೆವೈಸಿ ದಾಖಲೆಗೆ ಹೊಂದುವುದಿಲ್ಲ. ಆದ್ದರಿಂದ ಡೇಟಾ ಕೊಡಬೇಕು ಎಂದಷ್ಟೇ ಬರೆಸಿದರೆ ಅರ್ಧ ಕೆಲಸ. ಯೂನಿಕೋಡಿನಲ್ಲಿ ಕೊಡಬೇಕು ಎಂದೂ ಬರೆಸಬೇಕು.

ಎರಡನೆಯದು ಯಂತ್ರದ ಗಂಟು. ಪಿಗ್ಮಿ ಠೇವಣಿ 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಪದ್ಧತಿ. ವಿಜಯಪುರ ಸೀಮೆಯ ಪತ್ತಿನ ಸಂಘಗಳಿಗೆ ಅದು ಇಂದಿಗೂ ಜೀವಾಳ. ಬಜಾರಿನಲ್ಲಿ ಅಂಗಡಿ ಅಂಗಡಿ ತಿರುಗುವ ಪಿಗ್ಮಿ ಏಜೆಂಟರ ಕೈಯ ಯಂತ್ರ ಅಥವಾ ಮೊಬೈಲ್ ಆ್ಯಪ್ ಸಂಘದ ಮುಖ್ಯ ಸಾಫ್ಟ್‌ವೇರಿಗೆ ಮಾತ್ರ ಹೊಂದುವಂತೆ ಮಾಡಿರುತ್ತಾರೆ. ಸಾಫ್ಟ್‌ವೇರ್ ಬದಲಿಸಿದರೆ ಇಪ್ಪತ್ತು ಏಜೆಂಟರ ಇಪ್ಪತ್ತು ಯಂತ್ರವೂ ಮೂಲೆಗೆ. ಯಂತ್ರದ ಬೆಲೆ ಬೇರೆ, ಪ್ರೋಗ್ರಾಮಿನ ಬೆಲೆ ಬೇರೆ ಎಂದು ಬಿಡಿಬಿಡಿಯಾಗಿ ಬರೆಸದಿದ್ದರೆ ಯಾವುದಕ್ಕೆ ಎಷ್ಟು ಕೊಟ್ಟೆವೆಂಬುದೇ ತಿಳಿಯುವುದಿಲ್ಲ.

ಮೂರನೆಯದು ಹೆಸರಿನ ಗಂಟು. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2018ರಲ್ಲಿ ತಂದ ನಿಯಮಾವಳಿಯಂತೆ ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುವ ಸಂಸ್ಥೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡು, ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಗಳನ್ನೂ ಮಂಜೂರು ಮಾಡಿಸಿಕೊಳ್ಳಬೇಕು. ಆ ನೋಂದಣಿ ಯಾರ ಹೆಸರಲ್ಲಿದೆ, ಯಾವ ಮೊಬೈಲಿಗೆ ಓಟಿಪಿ ಹೋಗುತ್ತದೆ? ಸಂಘದ ಆ್ಯಪ್ ಪ್ಲೇ ಸ್ಟೋರಿನಲ್ಲಿ ಯಾರ ಖಾತೆಯಲ್ಲಿದೆ? ಶಾಲೆಯ ಜಾಲತಾಣದ ವಿಳಾಸವನ್ನು ಯಾರ ಇಮೇಲಿನಿಂದ ಕೊಂಡದ್ದು? ಮಾರಿದವರ ಹೆಸರಿನಲ್ಲಿದ್ದರೆ, ಮುನಿಸು ಬಂದ ದಿನ ಸಂಸ್ಥೆ ತನ್ನ ಹೆಸರಿಗಾಗಿಯೇ ಅವರ ಬಾಗಿಲು ಕಾಯಬೇಕು.

ಇದೇ ಜಾತಿಗೆ ಸೇರಿದ್ದು ತಿದ್ದುಪಡಿಯ ಕೋಡು. 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿಯ ಟ್ಯಾಲಿ ತಾಲ್ಲೂಕು ಪೇಟೆಗಳಲ್ಲಿ ಲೆಕ್ಕದ ಸಾಫ್ಟ್‌ವೇರಿಗೇ ಪರ್ಯಾಯ ಹೆಸರಿನಂತಾಗಿದೆ. ಅದರ ದತ್ತಾಂಶ ಎಕ್ಸೆಲ್, ಎಕ್ಸ್‌ಎಂಎಲ್ ರೂಪದಲ್ಲಿ ಹೊರಬರುತ್ತದೆ. ಆದರೆ ಅಡತಿ ಪಟ್ಟಿ, ಹಮಾಲಿ, ತೂಕ, ಕಮಿಷನ್ ಲೆಕ್ಕ ಬರುವಂತೆ ಸ್ಥಳೀಯರೊಬ್ಬರು ಟ್ಯಾಲಿಯದೇ ಭಾಷೆಯಾದ ಟಿಡಿಎಲ್‌ನಲ್ಲಿ ಬರೆದುಕೊಟ್ಟ ಜೋಡಣೆ ಕಂಪೈಲ್ ಆದ ಕಡತವಾಗಿ ಮಾತ್ರ ಅಂಗಡಿಗೆ ಬಂದಿದ್ದರೆ, ಬರೆದವರು ಊರು ಬಿಟ್ಟ ಮೇಲೆ ಅದರಲ್ಲಿ ಒಂದು ಸಾಲನ್ನೂ ತಿದ್ದಲಾಗದು. ಹಣ ಕೊಟ್ಟು ಬರೆಸಿದ ಕೋಡಿನ ಮೂಲಪ್ರತಿ ತನಗೆ ಸೇರಬೇಕೆಂದು ಅಂಗಡಿಯವರು ಕೇಳಿಕೊಳ್ಳಬೇಕು. ಹಕ್ಕುಸ್ವಾಮ್ಯ ಕಾಯ್ದೆಯ ಮಟ್ಟಿಗೆ, ಬರೆದದ್ದರ ಹಕ್ಕು ಒಪ್ಪಂದದಲ್ಲಿ ವರ್ಗವಾಗದಿದ್ದರೆ ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ.

ಉಳಿದದ್ದು ಹಣದ ಗಂಟು. ಎಎಂಸಿ ಎಂದೇ ಎಲ್ಲರೂ ಹೇಳುವ ವಾರ್ಷಿಕ ನಿರ್ವಹಣಾ ಶುಲ್ಕದ ಲೆಕ್ಕ ಒಮ್ಮೆ ಮಾಡಿ ನೋಡಬೇಕು. ಪ್ರೋಗ್ರಾಮಿನ ಬೆಲೆ 1,00,000 ರೂಪಾಯಿ, ಎಎಂಸಿ ಶೇ 18, ವರ್ಷಕ್ಕೆ ಶೇ 10ರ ಏರಿಕೆ ಎಂದಿಟ್ಟುಕೊಂಡರೆ ಐದು ವರ್ಷದಲ್ಲಿ ಎಎಂಸಿಗೇ ಸುಮಾರು 1,09,900 ರೂಪಾಯಿ ಆಗುತ್ತದೆ. ಮೂಲ ಬೆಲೆಯನ್ನೂ ಮೀರಿತು. ಏರಿಕೆಗೆ ಮಿತಿ ಬರೆಯದೆ, ಕಾಲಕಾಲಕ್ಕೆ ಕಂಪನಿ ನಿಗದಿಪಡಿಸಿದಂತೆ ಎಂದು ಬಿಟ್ಟಿದ್ದರೆ ಈ ಲೆಕ್ಕವನ್ನೂ ಮಾಡಲಾಗದು. ಒಂದು ವರ್ಷ ಎಎಂಸಿ ಕಟ್ಟದಿದ್ದರೆ ಮತ್ತೆ ಸೇರಲು ಹಿಂಬಾಕಿಯ ಜೊತೆಗೆ ದಂಡ, ಮುಗಿಯುವ 90 ದಿನ ಮೊದಲೇ ಲಿಖಿತ ನೋಟಿಸು ಕೊಡದಿದ್ದರೆ ತಾನಾಗಿಯೇ ನವೀಕರಣ, ನಡುವೆ ಬಿಟ್ಟರೆ ಉಳಿದ ಅವಧಿಯ ಪೂರ್ತಿ ಹಣ ಇವು ಇದೇ ಗಂಟಿನ ಬೇರೆ ಬೇರೆ ಎಳೆಗಳು.

ದೊಡ್ಡವರಿಗೂ ತಪ್ಪದ ಪಾಡು

ಈ ತೊಂದರೆ ಸಣ್ಣವರಿಗಷ್ಟೇ ಎಂದುಕೊಳ್ಳುವಂತಿಲ್ಲ. ಹತ್ತಿಯ ವಾಯಿದೆ ವ್ಯಾಪಾರ ನಡೆಯುವ ಎಂಸಿಎಕ್ಸ್ ವಿನಿಮಯ ಕೇಂದ್ರದ ಹೆಸರು ಹತ್ತಿ ವ್ಯಾಪಾರಿಗಳಿಗೆ ಹೊಸದಲ್ಲ. ಅದು ತನ್ನ ವಹಿವಾಟಿನ ವೇದಿಕೆಗೆ 63 ಮೂನ್ಸ್ ಕಂಪನಿಯನ್ನು ಅವಲಂಬಿಸಿತ್ತು. ಹಳೆಯ ಒಪ್ಪಂದ 2022ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಟಿಸಿಎಸ್ ಕಟ್ಟುತ್ತಿದ್ದ ಹೊಸ ವೇದಿಕೆ ಅಷ್ಟರಲ್ಲಿ ಸಿದ್ಧವಾಗಿರಲಿಲ್ಲ. ಅವಧಿ ವಿಸ್ತರಿಸಿಕೊಳ್ಳುತ್ತ ಹೋದಂತೆ ದರ ಏರಿತು: 2023ರ ಮೊದಲ ಆರು ತಿಂಗಳಿಗೆ ತ್ರೈಮಾಸಿಕಕ್ಕೆ 81 ಕೋಟಿ, ಜುಲೈನಿಂದ ತ್ರೈಮಾಸಿಕಕ್ಕೆ 125 ಕೋಟಿ ರೂಪಾಯಿ. ಹೊಸ ವೇದಿಕೆ ಚಾಲೂ ಆದದ್ದು 2023ರ ಅಕ್ಟೋಬರ್ 16ಕ್ಕೆ. ಹೊಸದು ಸಿದ್ಧವಾಗುವವರೆಗೆ ಹಳೆಯ ದರದಲ್ಲೇ ಮುಂದುವರಿಯುವ ಹಕ್ಕು ಒಪ್ಪಂದದಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

2025ರ ಜುಲೈನಲ್ಲಿ ನಯಾರಾ ಎನರ್ಜಿ ಕಂಪನಿಯ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದಾಗ ಮೈಕ್ರೊಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಪೂರ್ತಿ ಹಣ ಕಟ್ಟಿದ್ದರೂ ತನ್ನದೇ ದತ್ತಾಂಶ ಕೈಗೆ ಸಿಗುತ್ತಿಲ್ಲವೆಂದು ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಹೈಕೋರ್ಟಿಗೆ ಹೋಗುವ ಶಕ್ತಿ ಆ ಕಂಪನಿಗಿತ್ತು.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಈ ವಿಷಯಕ್ಕೆಂದೇ ಮಾಡಿದ ಕಾಯ್ದೆ ಭಾರತದಲ್ಲಿ ಇಲ್ಲ. ಅನ್ಯಾಯದ ಕರಾರುಗಳ ಬಗ್ಗೆ ಕಾನೂನು ಆಯೋಗ 1984ರಲ್ಲಿ 103ನೇ ವರದಿಯನ್ನೂ 2006ರಲ್ಲಿ 199ನೇ ವರದಿಯನ್ನೂ ಕೊಟ್ಟಿತು. ಎರಡೂ ಕಪಾಟು ಸೇರಿದವು. ಹಾಗಾಗಿ 1872ರ ಕರಾರು ಕಾಯ್ದೆಯೇ ಇಂದಿಗೂ ಆಸರೆ.

1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚೌಕಾಸಿಯ ಬಲ ಸಮನಾಗಿಲ್ಲದ ಕಡೆ ಹೇರಿದ ಅತಿ ಅನ್ಯಾಯದ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಹೇಳಿತು. ಚುಕ್ಕೆಗೆರೆಯ ಮೇಲೆ ರುಜು ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲದ ನೌಕರನ ಪ್ರಕರಣ ಅದು. ಇಬ್ಬರೂ ವ್ಯಾಪಾರಸ್ಥರಾಗಿದ್ದು ವ್ಯವಹಾರ ವಾಣಿಜ್ಯದ್ದಾಗಿದ್ದರೆ ಈ ತತ್ತ್ವ ಅನ್ವಯವಾಗದಿರಬಹುದು ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಸಿಂದಗಿಯ ಅಡತಿಯೂ ವ್ಯಾಪಾರಿ, ಬಹುರಾಷ್ಟ್ರೀಯ ಕಂಪನಿಯೂ ವ್ಯಾಪಾರಿ. ಕಾನೂನಿನ ಕಣ್ಣಿಗೆ ಇಬ್ಬರೂ ಲೆಕ್ಕ ಬಲ್ಲವರು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಅನ್ಯಾಯದ ಕರಾರು ಎಂಬುದಕ್ಕೆ ವ್ಯಾಖ್ಯೆಯೇ ಇದೆ. ಕರಾರು ಮುರಿದ ನಷ್ಟಕ್ಕೆ ತಾಳೆಯಿಲ್ಲದ ದಂಡ, ಕಾರಣವಿಲ್ಲದೆ ಒಬ್ಬರೇ ರದ್ದು ಮಾಡುವ ಹಕ್ಕು, ಒಪ್ಪಿಗೆ ಕೇಳದೆ ಗ್ರಾಹಕರಿಗೆ ಹಾನಿಯಾಗುವಂತೆ ಕರಾರನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು ಮುಂತಾದವು ಅದರಲ್ಲಿ ಸೇರಿವೆ. ಆದರೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡವರಿಗೆ ಮಾತ್ರ ವಿನಾಯಿತಿ. ತನ್ನ ವ್ಯವಹಾರದ ಕೆಲಸಕ್ಕೆ ಸಾಫ್ಟ್‌ವೇರ್ ಪರವಾನಗಿ ಕೊಂಡ ಕಂಪನಿ ಗ್ರಾಹಕನಲ್ಲವೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಪಾಲಿ ಮೆಡಿಕ್ಯೂರ್ ಪ್ರಕರಣದಲ್ಲಿ ತೀರ್ಪಿತ್ತಿತು. ತಾನೇ ಕೂತು ಬಿಲ್ಲು ಹಾಕುವ ಔಷಧ ಅಂಗಡಿಯವನಿಗೆ ಬಾಗಿಲು ಇನ್ನೂ ತೆರೆದಿರಬಹುದು. ಜಿನ್ನಿಂಗ್ ಮಿಲ್ಲಿಗೆ ಮುಚ್ಚಿದಂತೆಯೇ. ಬಾಗಿಲು ತೆರೆದಿರುವವರಿಗೂ ಒಂದು ತೊಡಕಿದೆ: ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ; 10 ಕೋಟಿವರೆಗಿನದು ರಾಜ್ಯ ಆಯೋಗಕ್ಕೆ, ಅದಕ್ಕೆ ಮೇಲ್ಪಟ್ಟದ್ದು ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕು.

ಕರಾರು ಕಾಯ್ದೆಯ ಬಿಡಿ ಕಲಮುಗಳು ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. 74ನೇ ಕಲಮಿನಂತೆ ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತದ ಮಿತಿಯೊಳಗೆ ಯುಕ್ತವಾದ ಪರಿಹಾರವನ್ನಷ್ಟೇ. ಉಳಿದ ಮೂರು ವರ್ಷದ ಎಎಂಸಿ ಪೂರ್ತಿ ಕೊಡಿ ಎಂಬ ಬೇಡಿಕೆಗೆ ಇದು ತಕ್ಕ ಉತ್ತರ; ಮಾಡದ ಸೇವೆಗೆ ಆದ ನಷ್ಟವೇನೆಂದು ಕೇಳಬಹುದು. 27ನೇ ಕಲಮು ವ್ಯಾಪಾರಕ್ಕೆ ತಡೆ ಹಾಕುವ ಕರಾರನ್ನು ಅಸಿಂಧುವೆನ್ನುತ್ತದೆ. ಒಪ್ಪಂದ ನಡೆಯುತ್ತಿರುವಾಗ ಬೇರೆಯವರದ್ದನ್ನು ಬಳಸಬಾರದೆಂಬ ತಡೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ, ಮುಗಿದ ಮೇಲಿನ ತಡೆಯನ್ನು ಒಪ್ಪುವುದು ಅಪರೂಪ. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಕೊಂಡ ಪ್ರೋಗ್ರಾಮಿನ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲೂ, ಬೇರೆಡೆ ಸುಲಭವಾಗಿ ಸಿಗದಿದ್ದಾಗ ಇನ್ನೊಂದು ಪ್ರೋಗ್ರಾಮಿನೊಡನೆ ಹೊಂದಿಸಲು ಬೇಕಾದ ಮಾಹಿತಿ ಪಡೆಯಲೂ ಅವಕಾಶ ಕೊಡುತ್ತದೆ. ಪರವಾನಗಿ ಮುಗಿದು ಪ್ರೋಗ್ರಾಂ ತಾನಾಗಿ ನಿಲ್ಲುವುದು ಒಂದು ಮಾತು. ದೂರದಿಂದಲೇ ಅಂಗಡಿಯ ಕಂಪ್ಯೂಟರಿನೊಳಗೆ ಹೊಕ್ಕು ಕಡತಕ್ಕೆ ಬೀಗ ಹಾಕುವುದು ಬೇರೆಯೇ ಮಾತು. ಅನುಮತಿಯಿಲ್ಲದ ಪ್ರವೇಶ, ಹಕ್ಕಿರುವವರಿಗೆ ಪ್ರವೇಶ ನಿರಾಕರಣೆ ಎರಡೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಲ್ಲಿ ಬರುತ್ತವೆ.

ಸ್ಪರ್ಧಾ ಕಾಯ್ದೆಯೂ ಇದೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಕೊಂಡವರನ್ನು ಕಟ್ಟಿಹಾಕಿದ್ದಕ್ಕೆ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಆ ವಾದಸರಣಿ ಸಾಫ್ಟ್‌ವೇರಿಗೂ ಒಪ್ಪುವಂಥದೇ. ಆದರೆ ಜಿಲ್ಲಾ ಮಟ್ಟದ ಸಾಫ್ಟ್‌ವೇರ್ ಅಂಗಡಿಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯವಿದೆಯೆಂದು ರುಜುವಾತು ಮಾಡುವುದು ಆಗದ ಮಾತು.

ಎಲ್ಲಿ ದಾವೆ ಹೂಡುವುದು ಎಂಬುದೂ ಷರತ್ತಿನಲ್ಲೇ ತೀರ್ಮಾನವಾಗಿರುತ್ತದೆ. ಬೆಂಗಳೂರು ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ ಎಂಬ ಒಂದು ಸಾಲು, ವ್ಯವಹಾರದ ಒಂದು ಭಾಗ ಅಲ್ಲಿ ನಡೆದಿದ್ದರೆ, ಊರ್ಜಿತ; ಸುಪ್ರೀಂ ಕೋರ್ಟಿನ 1989ರ ಎಬಿಸಿ ಲ್ಯಾಮಿನಾರ್ಟ್ ತೀರ್ಪು ಈ ಮಾತಿಗೆ ಆಧಾರ. ವಿಜಯಪುರದಲ್ಲಿ ಜಿಲ್ಲಾ ನ್ಯಾಯಾಲಯ, ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಇದ್ದೂ ಐದುನೂರು ಕಿಲೋಮೀಟರ್ ದೂರಕ್ಕೆ ಅಲೆಯಬೇಕಾದರೆ ನಲವತ್ತು ಸಾವಿರದ ತಕರಾರಿಗೆ ಯಾರೂ ಹೋಗುವುದಿಲ್ಲ. ಮಾರಿದವರೇ ಏಕೈಕ ಮಧ್ಯಸ್ಥಗಾರರನ್ನು ನೇಮಿಸುವ ಷರತ್ತು ಮಾತ್ರ ನಿಲ್ಲದು. 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪೂ 2024ರ ನವೆಂಬರಿನ ಸಂವಿಧಾನ ಪೀಠದ ತೀರ್ಪೂ ಅದನ್ನು ತಳ್ಳಿಹಾಕಿವೆ.

ಹೊರಗಿನ ದೇಶಗಳು ಮುಂದೆ ಹೋಗಿವೆ. ಆಸ್ಟ್ರೇಲಿಯಾ 2016ರಲ್ಲಿ ಸಣ್ಣ ವ್ಯಾಪಾರಿಗಳ ಸಿದ್ಧ ಕರಾರುಗಳಿಗೂ ಅನ್ಯಾಯದ ಷರತ್ತಿನ ಕಾನೂನನ್ನು ಚಾಚಿ, 2023ರ ನವೆಂಬರಿನಿಂದ ದಂಡವನ್ನೂ ಸೇರಿಸಿತು. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ದತ್ತಾಂಶ ಕಾಯ್ದೆಯಡಿ ಕ್ಲೌಡ್ ಸೇವೆ ಬಿಡಲು ಎರಡು ತಿಂಗಳಿಗಿಂತ ಹೆಚ್ಚಿನ ನೋಟಿಸು ಕೇಳುವಂತಿಲ್ಲ; 2027ರ ಜನವರಿ 12ರಿಂದ ಬದಲಾವಣೆಯ ಶುಲ್ಕವನ್ನೇ ತೆಗೆದುಕೊಳ್ಳುವಂತಿಲ್ಲ. ಭಾರತದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2019ರ ಮಸೂದೆಯಲ್ಲಿ ವ್ಯಕ್ತಿಗಳಿಗಾದರೂ ಇದ್ದ ದತ್ತಾಂಶ ಒಯ್ಯುವ ಹಕ್ಕು 2023ರ ಕಾಯ್ದೆಯಲ್ಲಿ ಬಿದ್ದುಹೋಯಿತು.

ಸಹಕಾರಿ ಸಂಘಗಳ ವಿಶೇಷ

ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್ 10ರ ನಿರ್ದೇಶನದಲ್ಲಿ, ಮಾಹಿತಿ ತಂತ್ರಜ್ಞಾನದ ಕೆಲಸವನ್ನು ಹೊರಗೆ ಕೊಡುವ ಬ್ಯಾಂಕುಗಳು ಬಿಟ್ಟುಬರುವ ಯೋಜನೆಯನ್ನು ಮೊದಲೇ ಸಿದ್ಧಪಡಿಸಿರಬೇಕೆಂದು ವಿಧಿಸಿತು. ಅದೇ ವರ್ಷದ ನವೆಂಬರಿನ ಇನ್ನೊಂದು ನಿರ್ದೇಶನದಂತೆ ಮುಖ್ಯ ಸಾಫ್ಟ್‌ವೇರುಗಳ ಮೂಲ ಕೋಡನ್ನು ಪಡೆದಿರಬೇಕು, ಆಗದಿದ್ದರೆ ಮೂರನೆಯವರಲ್ಲಿ ಭದ್ರವಾಗಿ ಇರಿಸುವ ಏರ್ಪಾಡು ಮಾಡಬೇಕು. ಒಳ್ಳೆಯ ನಿಯಮಗಳು. ಆದರೆ ಸಹಕಾರ ಇಲಾಖೆಯಡಿ ನೋಂದಾದ ತಾಲ್ಲೂಕಿನ ಪತ್ತಿನ ಸಂಘಗಳಿಗೆ ಅವು ಅನ್ವಯಿಸವು. ಅಲ್ಲಿ ಬೇಕಿರುವುದು ಇದರ ಚಿಕ್ಕ ಆವೃತ್ತಿ: ಡೇಟಾಬೇಸಿನ ಮುಖ್ಯ ಪಾಸ್‌ವರ್ಡನ್ನು ಮೊಹರು ಹಾಕಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿಟ್ಟು, ಯಾವ ಸಂದರ್ಭದಲ್ಲಿ ಒಡೆಯಬಹುದೆಂದು ಒಪ್ಪಂದದಲ್ಲಿ ಬರೆದು, ಆಡಳಿತ ಮಂಡಳಿಯ ಠರಾವಿನಲ್ಲಿ ದಾಖಲಿಸುವುದು. ಖರ್ಚು ಒಂದು ಲಕೋಟೆಯದು.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಥೆ ಬೇರೆ. 2022ರ ಜೂನ್ 29ರಂದು ಕೇಂದ್ರ ಸಂಪುಟ 63,000 ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಮೂಲಕ ದೇಶಕ್ಕೆಲ್ಲ ಒಂದೇ ಸಾಫ್ಟ್‌ವೇರ್. ಖಾಸಗಿ ಮಾರಾಟಗಾರರ ಹಿಡಿತ ಇದರಿಂದ ಸಡಿಲವಾಗುತ್ತದೆ. ಆದರೆ ಹಳೆಯ ಪ್ರೋಗ್ರಾಮಿನಲ್ಲಿರುವ ಸಾಲದ ಬಾಕಿ, ಷೇರು, ಬಡ್ಡಿಯ ಲೆಕ್ಕ ಹೊಸದಕ್ಕೆ ಹೋಗಬೇಕಲ್ಲ. ಹಳೆಯ ಒಪ್ಪಂದದಲ್ಲಿ ಬಿಡುವ ಷರತ್ತಿಲ್ಲದ ಸಂಘ ಅಲ್ಲಿಯೂ ಸಿಕ್ಕಿಕೊಳ್ಳುತ್ತದೆ. ಒಂದೇ ಸಾಫ್ಟ್‌ವೇರ್ ಎಂಬುದೂ ಒಂದು ಬಗೆಯ ಅವಲಂಬನೆಯೇ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದೇ ಸಂಸ್ಥೆಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾದಾಗ ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ನಿಂತುಹೋಯಿತು.

ಬರೆಸಬೇಕಾದದ್ದು

ಒಪ್ಪಂದಕ್ಕೆ ರುಜು ಬೀಳುವ ಮುಂಚಿನ ಒಂದು ವಾರದಲ್ಲಿ ಮಾತ್ರ ಕೊಳ್ಳುವವರ ಮಾತಿಗೆ ಬೆಲೆ ಇರುತ್ತದೆ. ಮುಂಗಡ ಕೊಟ್ಟ ಮೇಲೆ ತಿದ್ದುಪಡಿ ಕೇಳಿದರೆ ನಗುವುದೊಂದೇ ಬಾಕಿ. ಬೆಲೆಯ ಚೌಕಾಸಿಗಿಂತ ಮೊದಲು ಈ ಒಂದು ಕಲಮನ್ನು ಸೇರಿಸಿಕೊಳ್ಳುವುದು ಲೇಸು:

ಗ್ರಾಹಕರು ಯಾವಾಗ ಕೇಳಿದರೂ, ಒಪ್ಪಂದ ಮುಗಿದ ಮೇಲೆ 90 ದಿನಗಳವರೆಗೂ, ಗ್ರಾಹಕರ ಸಮಸ್ತ ದತ್ತಾಂಶವನ್ನು ಯೂನಿಕೋಡ್ ಅಕ್ಷರದಲ್ಲಿ ಸಿಎಸ್‌ವಿ ಅಥವಾ ಎಕ್ಸೆಲ್ ಕಡತವಾಗಿ, ಪ್ರತಿ ಕಾಲಮಿನ ವಿವರಣೆಯೊಂದಿಗೆ, 7 ಕೆಲಸದ ದಿನಗಳೊಳಗೆ ಮಾರಾಟಗಾರರು ಒದಗಿಸತಕ್ಕದ್ದು. ಹಣದ ಬಾಕಿಯ ತಕರಾರು ಇದಕ್ಕೆ ಅಡ್ಡಿಯಾಗತಕ್ಕದ್ದಲ್ಲ.

ಕೊನೆಯ ವಾಕ್ಯಕ್ಕೆ ಮಾರುವವರು ಒಪ್ಪುವುದು ಕಷ್ಟ. ಒಪ್ಪದಿದ್ದರೆ ತಕರಾರಿನ ಮೊತ್ತವನ್ನು ಬೇರೆ ಖಾತೆಯಲ್ಲಿ ಇರಿಸುವ ಮಧ್ಯದ ದಾರಿ ಇದೆ. ಇದರ ಜೊತೆಗೆ ಎಎಂಸಿ ಏರಿಕೆಗೆ ಮಿತಿ, ಹೊಸದಕ್ಕೆ ಹೋಗುವಾಗ ಮೂರೋ ಆರೋ ತಿಂಗಳು ಹಳೆಯ ದರದಲ್ಲೇ ಮುಂದುವರಿಯುವ ಹಕ್ಕು, ತಾನಾಗಿ ನವೀಕರಣವಾಗುವುದರ ಬದಲು ಇಬ್ಬರೂ ಬರೆದು ಒಪ್ಪಿದರೆ ಮಾತ್ರ ನವೀಕರಣ, ಡಿಎಲ್‌ಟಿ ಮತ್ತು ಆ್ಯಪ್ ಖಾತೆ ಸಂಸ್ಥೆಯ ಹೆಸರಿನಲ್ಲಿ, ವ್ಯಾಜ್ಯಕ್ಕೆ ವಿಜಯಪುರ ನ್ಯಾಯಾಲಯ. ಇಷ್ಟನ್ನೂ ಛಾಪಾ ಕಾಗದದ ಮೇಲೆ ಬರೆಸುವುದು ಕ್ಷೇಮ. ಸರಿಯಾದ ಮುದ್ರಾಂಕವಿಲ್ಲದ ಕರಾರನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಕೊರತೆಯ ಹತ್ತು ಪಟ್ಟು ದಂಡ ಬೀಳಬಹುದು.

ಮಾರುವವರ ಮಾತನ್ನೂ ಕೇಳಬೇಕು. ಜಿಎಸ್‌ಟಿ ದರ ಬದಲಾದ ಮಾರನೆಯ ದಿನವೇ ಪ್ರೋಗ್ರಾಂ ಸರಿ ಇರಬೇಕೆಂದು ಗಿರಾಕಿ ಕೂಗುತ್ತಾನೆ. ಎಎಂಸಿ ಕಟ್ಟಲು ಮಾತ್ರ ಮುಂದಿನ ಸುಗ್ಗಿ ಎನ್ನುತ್ತಾನೆ. ವಿಜಯಪುರದಲ್ಲಿ ನಾಲ್ಕು ಹುಡುಗರನ್ನಿಟ್ಟುಕೊಂಡು ನಡೆಸುವವರಿಗೆ ಬೀಗ ಹಾಕುವ ಬುದ್ಧಿ ಹುಟ್ಟುವುದು ಎಷ್ಟೋ ಸಲ ಈ ಬಾಕಿಯಿಂದಲೇ. ಅವರು ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಗರಿಷ್ಠ 45 ದಿನದಲ್ಲಿ ಹಣ ಬರಬೇಕು, ಬಾರದಿದ್ದರೆ ಬಡ್ಡಿ ಸಹಿತ ವಸೂಲಿಗೆ ಅದೇ ಕಾಯ್ದೆಯಡಿಯ ಮಂಡಳಿಯ ಮುಂದೆ ಹೋಗಬಹುದು. ಹಾಗಿರುವಾಗ ಗಿರಾಕಿಯ ಲೆಕ್ಕವನ್ನು ಒತ್ತೆ ಇಡುವ ಅಗತ್ಯ ಅವರಿಗಿಲ್ಲ.

ಈಗಾಗಲೇ ಸಿಕ್ಕಿಕೊಂಡವರು

ಬಿಡಬೇಕೆಂದಿರುವವರು ಆ ಮಾತನ್ನು ಆಡುವ ಮೊದಲೇ ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್, ಸದಸ್ಯರ ಪಟ್ಟಿ, ದಾಸ್ತಾನಿನ ಪಟ್ಟಿಗಳನ್ನು ಎಕ್ಸೆಲಿಗೆ ತೆಗೆದಿಟ್ಟುಕೊಳ್ಳುವುದು ಒಳಿತು. ಬದಲಾವಣೆಗೆ ಒಳ್ಳೆಯ ಸಮಯ ಮಾರ್ಚ್ 31. ಅಂದಿನ ಆಖೈರು ಬಾಕಿಯೇ ಹೊಸದರ ಆರಂಭದ ಬಾಕಿಯಾಗುತ್ತದೆ. ಅಡತಿ ಅಂಗಡಿಯವರಿಗೆ ಸುಗ್ಗಿಯ ನಡುವೆ, ಶಾಲೆಗಳಿಗೆ ಜೂನ್ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಕನಿಷ್ಠ ಒಂದು ತಿಂಗಳು ಎರಡರಲ್ಲೂ ನಮೂದು ಮಾಡಿ ದಿನದ ರೋಖಡ ತಾಳೆ ನೋಡಬೇಕು. ಪತ್ತಿನ ಸಂಘವಾದರೆ ಬಡ್ಡಿ ಎಣಿಸುವ ರೀತಿ ಎರಡು ಪ್ರೋಗ್ರಾಮುಗಳಲ್ಲಿ ಒಂದೇ ಇದೆಯೇ ಎಂದು ಹತ್ತಾರು ಖಾತೆಗಳನ್ನು ಕೈಲೆಕ್ಕದಲ್ಲಿ ಪರೀಕ್ಷಿಸುವುದು ಅಗತ್ಯ. ಪೈಸೆಗಳ ವ್ಯತ್ಯಾಸ ಸಾವಿರ ಖಾತೆಗೆ ಗುಣಿಸಿದಾಗ ಲೆಕ್ಕಪರಿಶೋಧಕರ ಆಕ್ಷೇಪಣೆಯಾಗಿ ನಿಲ್ಲುತ್ತದೆ.

ಹಳೆಯ ಪ್ರೋಗ್ರಾಮನ್ನು ಕೂಡಲೇ ಅಳಿಸಿಬಿಡುವಂತಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. ಕಂಪನಿಯಾಗಿದ್ದರೆ ಕಂಪನಿ ಕಾಯ್ದೆಯಂತೆ 8 ವರ್ಷ. ಆದ್ದರಿಂದ ಒಂದು ಹಳೆಯ ಕಂಪ್ಯೂಟರಿನಲ್ಲಿ, ಇಂಟರ್ನೆಟ್ ಸಂಪರ್ಕ ತೆಗೆದು, ಓದಲಷ್ಟೇ ಬರುವಂತೆ ಅದನ್ನು ಉಳಿಸಿಕೊಳ್ಳುವ ಅನುಮತಿಯನ್ನು ಬಿಡುಗಡೆಯ ಪತ್ರದಲ್ಲೇ ಬರೆಸಿಕೊಳ್ಳಬೇಕು. ಕ್ಲೌಡ್ ಸೇವೆಯಾಗಿದ್ದರೆ ದತ್ತಾಂಶ ಪೂರ್ತಿ ಕೈಸೇರಿ ತಾಳೆಯಾದ ಮೇಲೆ, ಅವರಲ್ಲಿದ್ದ ಪ್ರತಿಯನ್ನು ಅಳಿಸಿದ್ದೇವೆಂಬ ಪತ್ರವನ್ನೂ ಕೇಳಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳು 18 ತಿಂಗಳ ಬಳಿಕ ಜಾರಿಗೆ ಬರುತ್ತವೆ. ಅದರಂತೆ ಠೇವಣಿದಾರರ ಆಧಾರ್, ಮೊಬೈಲ್ ಸಂಖ್ಯೆ ಹಳೆಯ ಮಾರಾಟಗಾರರ ಸರ್ವರಿನಿಂದ ಸೋರಿಹೋದರೂ ಮೊದಲು ಉತ್ತರ ಹೇಳಬೇಕಾದದ್ದು ಸಂಘವೇ.